ಮಗಳಿಗೊಂದು ಪತ್ರ: ಪಕ್ಕದ ಮನೆಯ ತೊಗರಿಕಾಯಿ

ಮಗಳೇ,

ಫೋನಿನಲ್ಲಿ ನೀನು ಮತ್ತೆ ಅದನ್ನೇ ಕೇಳಿದೆ, ಅಪ್ಪ ಕೆಲಸಕ್ಕೆ ಹೋದ ಮೇಲೆ ಆ ಹಳ್ಳಿಯಲ್ಲಿ ಒಬ್ಬಳೇ ಹೇಗಿರ್ತೀಯ ಅವ್ವಾ ಅಂತ. ಉತ್ತರ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಜುಲೈ ಅಂದರೆ ಆಫ್ರಿಕಾದ ಈ ಮಲಾವಿಯಲ್ಲಿ ಚಳಿಗಾಲ. ಜೊಂಬಾ ಬೆಟ್ಟದ ಮೇಲಿನ ಮಂಜು ಇನ್ನೂ ಇಳಿದಿರುವುದಿಲ್ಲ, ಆಗಲೇ ಅಂಗಳದಿಂದ "ಓಡಿ!" ಅಂತ ಕೂಗು ಬರುತ್ತದೆ. ಬಾಗಿಲು ತಟ್ಟುವ ಬದಲು ಹೀಗೆ ಕೂಗುತ್ತಾರೆ. ಒಳಗಿನಿಂದ ನಾನು "ಓಡಿನಿ" ಅಂದರೆ ಬನ್ನಿ ಅಂತ. ಬರುವವರು ಪಕ್ಕದ ಮನೆಯ ಅಗೋಗೋ. ಅಗೋಗೋ ಅಂದರೆ ಅಜ್ಜಿ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ಮೊದಲು ಕೇಳುವುದು ಚೆನ್ನಾಗಿ ಎದ್ದಿರಾ ಅಂತ, ಉಳಿದ ಮಾತೆಲ್ಲ ಆಮೇಲೆ.

ಅವರ ಹೊಲದಲ್ಲಿ ಮೆಕ್ಕೆಜೋಳದ ಸಾಲಿನಲ್ಲೇ ತೊಗರಿ ಇದೆ! ಇಲ್ಲಿ ಅದನ್ನು ನಂದೋಲೋ ಅನ್ನುತ್ತಾರೆ. ನವೆಂಬರ್-ಡಿಸೆಂಬರ್ ಮಳೆಗೆ ಎರಡನ್ನೂ ಬಿತ್ತುತ್ತಾರೆ, ಜೋಳ ಏಪ್ರಿಲ್-ಮೇ ಹೊತ್ತಿಗೆ ಮನೆಗೆ ಬರುತ್ತದೆ, ತೊಗರಿ ಮಾತ್ರ ಹೊಲದಲ್ಲೇ ನಿಂತಿರುತ್ತದೆ. ಜೋಳ ಕಿತ್ತ ಮೇಲೆ ಆಡುಗಳನ್ನು ಬಿಟ್ಟುಬಿಡುತ್ತಾರೆ ನೋಡು, ಕಷ್ಟ ಅಲ್ಲೇ. ನಾನು ಹಿತ್ತಲಲ್ಲಿ ಹಾಕಿದ್ದ ಎರಡು ಸಾಲಿನಲ್ಲಿ ಒಂದನ್ನು ಅಗೋಗೋ ಮನೆಯ ಆಡೇ ಮೇದುಹೋಯಿತು. ನನಗೆ ಅಳು ಬಂತು. ಸಂಜೆ ಅವರು ಒಂದು ಬುಟ್ಟಿ ಹಸಿ ತೊಗರಿಕಾಯಿ ತಂದು ಏನೂ ಹೇಳದೆ ನನ್ನ ಪಕ್ಕ ಕುಳಿತರು. ಉಪ್ಪು ಹಾಕಿ ಕುದಿಸಿ ಇಬ್ಬರೂ ಸುಲಿದು ತಿಂದೆವು. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ತಿನ್ನುತ್ತಿದ್ದೆವಲ್ಲ, ಅದೇ ರುಚಿ ಕಣೇ.

2021ರಲ್ಲಿ ನಮ್ಮ ಸರ್ಕಾರ ಇಲ್ಲಿಂದ ವರ್ಷಕ್ಕೆ 50,000 ಟನ್ ತೊಗರಿ ತರಿಸಿಕೊಳ್ಳಲು ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಹೊರಗಿನ ತೊಗರಿ ಬಂದು ಬೆಲೆ ಬಿತ್ತು ಅಂತ ಸೇಡಂನಿಂದ ನಿನ್ನ ಸೋದರಮಾವ ಫೋನಿನಲ್ಲಿ ಸಂಕಟಪಡುತ್ತಾನೆ. ಇಲ್ಲಿ ಅಗೋಗೋ ತಮ್ಮ ಒಂದು ಮೂಟೆಯನ್ನು ವ್ಯಾಪಾರಿ ಹೇಳಿದ ಬೆಲೆಗೇ ಕೊಟ್ಟು ಕಳಿಸುತ್ತಾರೆ. ನಾನು ಯಾರ ಪರ ಮಾತಾಡಲಿ ಹೇಳು? ಇಬ್ಬರೂ ನನ್ನವರೇ.

ಕುಂಬಳದ ಎಲೆಯ ಪಲ್ಯವನ್ನೂ ಅವರೇ ಕಲಿಸಿದರು. ದಂಟಿನ ನಾರು ತೆಗೆಯಬೇಕು, ಇಲ್ಲದಿದ್ದರೆ ಗಂಟಲಿಗೆ ತಾಗುತ್ತದೆ. ಕೊನೆಗೆ ಕುಟ್ಟಿದ ಶೇಂಗಾಪುಡಿ. ಅದರ ಜೊತೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ, ನಮ್ಮ ಮುದ್ದೆಯ ಹಾಗೇ, ಕೈಯಲ್ಲಿ ಮುರಿದು ಅದ್ದಿ ತಿನ್ನುವುದು. ಅಪ್ಪ ಈಗ ವಾರದಲ್ಲಿ ಮೂರು ದಿನ ಅದನ್ನೇ ಕೇಳುತ್ತಾರೆ.

ಮಳೆ ಇಲ್ಲದ ಈ ತಿಂಗಳುಗಳಲ್ಲಿ ಹೊಳೆ ಪಕ್ಕದ ತೇವದ ನೆಲದಲ್ಲಿ ತರಕಾರಿ ಮಾಡುತ್ತಾರೆ, ಅದಕ್ಕೆ ದಿಂಬಾ ಅಂತ ಹೆಸರು. ಅಗೋಗೋ ತಮ್ಮ ದಿಂಬಾದಲ್ಲಿ ನನಗೂ ನಾಲ್ಕು ಮಡಿ ಬಿಟ್ಟುಕೊಟ್ಟಿದ್ದಾರೆ. ಟೊಮೇಟೊ, ಸಾಸಿವೆ ಸೊಪ್ಪು ಹಾಕಿದ್ದೇನೆ. ಸಂಜೆ ನೀರು ಹೊರಲು ಆರೇಳು ಹೆಂಗಸರು ಸೇರುತ್ತೇವೆ. ಇಲ್ಲಿನ ಭಾಷೆ ಚಿಚೇವಾ, ನಾನು ತಪ್ಪು ಮಾತಾಡಿದರೆ ತಿದ್ದುತ್ತಾರೆ, ಬಿಂದಿಗೆ ಭಾರವಾದರೆ ಇಸಿದುಕೊಳ್ಳುತ್ತಾರೆ. ಹೀಗಿದ್ದೇನೆ, ಒಬ್ಬಳೇ ಇಲ್ಲ.

ನೀನು ಮುಂದಿನ ತಿಂಗಳು ಬರುವಾಗ ಬಟ್ಟೆಬರೆ ಜಾಸ್ತಿ ತರಬೇಡ. ಗುರೆಳ್ಳು ಚಟ್ನಿಪುಡಿ ತಾ, ಎರಡು ಡಬ್ಬಿ. ಮುಗಿದುಹೋಯಿತಾ ಅಂತ ಅಗೋಗೋ ಆಗಲೇ ಎರಡು ಸಲ ಕೇಳಿದ್ದಾರೆ.

ನಿನ್ನ ಅವ್ವ