ಆಟದ ಮುಖಚಿತ್ರವನ್ನು ಅದು ಕಾಣುವ ಅಳತೆಯಲ್ಲೇ ನೋಡಿ ತೀರ್ಪು ಕೊಡಿ

ಮಾನ್ಯ ಸಂಪಾದಕರಿಗೆ,

ನಗರದ ಕಾಲೇಜೊಂದರಲ್ಲಿ ಕಳೆದ ತಿಂಗಳು ನಡೆದ ವಿಡಿಯೊ ಗೇಮ್ ಮುಖಚಿತ್ರ (ಆಟ ಮಾರುವ ಕಡೆ ಗಿರಾಕಿಗೆ ಮೊದಲು ಕಾಣುವ ಚಿತ್ರ) ಸ್ಪರ್ಧೆಯ ಸುದ್ದಿಯನ್ನು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿದೆ. ಕಲಬುರಗಿಯ ಹುಡುಗ ಹುಡುಗಿಯರು ತಾವೇ ಆಟ ಕಟ್ಟಿ, ತಾವೇ ಚಿತ್ರ ಬರೆದು ಮಾರಾಟಕ್ಕೆ ಇಡುವಷ್ಟು ಮುಂದೆ ಬಂದಿರುವುದು ನನಗೆ ಹೆಮ್ಮೆಯ ಸಂಗತಿ. ನಮ್ಮ ಓಣಿಯ ಇಬ್ಬರು ಹುಡುಗರ ಆಟವೂ ಸ್ಪರ್ಧೆಯಲ್ಲಿದ್ದುದರಿಂದ ಆ ದಿನ ನಾನೂ ಸಭಾಂಗಣದಲ್ಲಿದ್ದೆ. ಗೋಡೆಯಗಲದ ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ತೋರಿಸಲಾಯಿತು. ಯಾವುದರಲ್ಲಿ ಕುಸುರಿ ಹೆಚ್ಚಿತ್ತೋ ಅದಕ್ಕೆ ಬಹುಮಾನ ಬಂತು. ಗೆದ್ದವರ ಬಗ್ಗೆ ನನಗೆ ತಕರಾರಿಲ್ಲ, ಅವರ ಕೈ ಚೆನ್ನಾಗಿದೆ. ತಕರಾರಿರುವುದು ನೋಡಿದ ವಿಧಾನದ ಬಗ್ಗೆ. ಏಕೆಂದರೆ ಆ ಚಿತ್ರಗಳನ್ನು ಕೊಳ್ಳುವವರು ಯಾರೂ ಅಷ್ಟು ದೊಡ್ಡದಾಗಿ ನೋಡುವುದೇ ಇಲ್ಲ.

ಮೂವತ್ತು ವರ್ಷ ಸೂಪರ್ ಮಾರ್ಕೆಟ್ ಸುತ್ತಮುತ್ತ ಅಂಗಡಿಗಳ ಬೋರ್ಡು ಬರೆದು, ಫ್ಲೆಕ್ಸ್ ಬಂದ ಮೇಲೆ ಕಂಪ್ಯೂಟರಿನಲ್ಲಿ ಅದೇ ಕೆಲಸ ಮುಂದುವರಿಸಿರುವವನು ನಾನು. ಬೋರ್ಡು ಬರೆದ ಮೇಲೆ ಬ್ರಷ್ ಕೆಳಗಿಟ್ಟು, ರಸ್ತೆ ದಾಟಿ ಎದುರು ಬದಿಯಲ್ಲಿ ನಿಂತು, ಕಣ್ಣು ಕಿರಿದು ಮಾಡಿ ನೋಡದೆ ಯಾವ ಬೋರ್ಡನ್ನೂ ಮಾಲೀಕರಿಗೆ ಒಪ್ಪಿಸಿದವನಲ್ಲ. ಆಟದ ಮುಖಚಿತ್ರಕ್ಕೂ ಹಾಗೆ ರಸ್ತೆ ದಾಟಿ ನೋಡಬೇಕಾದ ಒಂದು ಅಳತೆ ಇದೆ. ಕಂಪ್ಯೂಟರ್ ಆಟಗಳ ದೊಡ್ಡ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಈ ಚಿತ್ರಗಳಿಗೆ ಕ್ಯಾಪ್ಸೂಲ್ ಎನ್ನುತ್ತಾರೆ. ಮುಖ್ಯ ಕ್ಯಾಪ್ಸೂಲ್ 1232 × 706 ಪಿಕ್ಸೆಲ್ (ಪರದೆಯ ಚುಕ್ಕೆ) ಇರಬೇಕು, ಸಣ್ಣದು 462 × 174. ಈ ಸಣ್ಣದರಿಂದ ಅಂಗಡಿಯೇ ಇನ್ನೆರಡು ಅಳತೆಗಳನ್ನು ತಯಾರಿಸಿಕೊಳ್ಳುತ್ತದೆ: ಒಂದು 184 × 69, ಮತ್ತೊಂದು 120 × 45. ಕೊನೆಯದು ಸಾಮಾನ್ಯ ಪರದೆಯ ಮೇಲೆ ಸುಮಾರು ಮೂರು ಸೆಂಟಿಮೀಟರ್ ಅಗಲ, ಒಂದೂಕಾಲು ಸೆಂಟಿಮೀಟರ್ ಎತ್ತರ, ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಪಟ್ಟಿಯಲ್ಲಿ ಮೇಲೆ ಕೆಳಗೆ ಹತ್ತಾರು ಆಟಗಳ ನಡುವೆ ಕುಳಿತ ಆ ಚೂರು ಚಿತ್ರದ ಮೇಲೆ ಗಿರಾಕಿಯ ಕಣ್ಣು ಒಂದು ಗಳಿಗೆ ನಿಂತರೆ ಮಾತ್ರ ದೊಡ್ಡ ಚಿತ್ರಕ್ಕೆ ಸರದಿ.

ನಮ್ಮ ಹುಡುಗರ ಚಿತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅವರದು ಪಿಕ್ಸೆಲ್ ಆರ್ಟಿನ, ಅಂದರೆ ಚಿಕ್ಕ ಚಿಕ್ಕ ಚೌಕಗಳನ್ನು ಜೋಡಿಸಿ ಬರೆದ ಚಿತ್ರಗಳ, ಹೊಡೆದಾಟದ ಆಟ. ಸಂಜೆಯ ಕೇಸರಿ ಆಕಾಶ, ಕೋಟೆಯ ಬುರುಜು, ಅದರ ಮೇಲೆ ತೋಪು, ತೋಪಿನ ಪಕ್ಕದಲ್ಲಿ ಮೂವತ್ತೆರಡು ಪಿಕ್ಸೆಲ್ ಎತ್ತರದ ನಾಯಕ, ಸುತ್ತ ಹದಿನಾಲ್ಕು ವೈರಿಗಳು. ದೊಡ್ಡ ಪರದೆಯಲ್ಲಿ ತೋಪಿನ ಮೇಲಿನ ಕೆತ್ತನೆಯೂ ಕಾಣುತ್ತಿತ್ತು. ಸ್ಪರ್ಧೆ ಮುಗಿದ ರಾತ್ರಿ ಅದನ್ನು ನನ್ನ ಅಂಗಡಿಯಲ್ಲಿ 120 × 45ಕ್ಕೆ ಇಳಿಸಿ ನೋಡಿದೆವು. ನಾಯಕನ ಕೇಸರಿ ಮುಂಡಾಸು ಆಕಾಶದಲ್ಲಿ ಕರಗಿ, ತಲೆಯೇ ಇಲ್ಲದ ಮೈ ನಿಂತಂತೆ ಕಂಡಿತು. ವೈರಿಗಳು ಎಳ್ಳು ಚೆಲ್ಲಿದ ಹಾಗಿದ್ದರು. ಆಟದ ಹೆಸರಿನಲ್ಲಿದ್ದ ‘ಶಸ್ತ್ರ’ ಎಂಬ ಪದದ ತ ಒತ್ತು, ರ ಒತ್ತು ಎರಡೂ ಒಂದರೊಳಗೊಂದು ಸೇರಿ ಹಳದಿ ಕಲೆಯಾಗಿದ್ದವು. ಕನ್ನಡದಲ್ಲಿ ಹೆಸರಿಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂಗ್ಲಿಷಿನ ದೊಡ್ಡಕ್ಷರ ಇದ್ದ ಎತ್ತರವನ್ನೆಲ್ಲ ತುಂಬಿಕೊಳ್ಳುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ಆದ್ದರಿಂದ ಸಣ್ಣ ಕ್ಯಾಪ್ಸೂಲಿನಲ್ಲಿ ಹೆಸರೇ ಹೆಚ್ಚು ಕಡಿಮೆ ಪೂರ್ತಿ ಜಾಗ ಹಿಡಿಯಬೇಕು, ಚಿತ್ರ ಅದರ ಹಿಂದೆ ಸರಿಯಬೇಕು.

ಪಿಕ್ಸೆಲ್ ಆರ್ಟಿಗೆ ಇನ್ನೊಂದು ಪೆಟ್ಟು ಬೀಳುತ್ತದೆ. ಈ ಕಲೆಯ ಚೌಕಗಳು ಎರಡು ಪಟ್ಟು, ಮೂರು ಪಟ್ಟು ಹೀಗೆ ಪೂರ್ಣ ಸಂಖ್ಯೆಯಲ್ಲಿ ಹಿಗ್ಗಿದರೆ ಮಾತ್ರ ಚೊಕ್ಕವಾಗಿ ನಿಲ್ಲುತ್ತವೆ. 462 ಅಗಲದ ಚಿತ್ರ 184ಕ್ಕೆ ಇಳಿಯುವಾಗ ಸುಮಾರು ಎರಡೂವರೆ ಪಟ್ಟು ಕುಗ್ಗುತ್ತದೆ. ಆಗ ಒಂದು ಚೌಕದ ಬಣ್ಣ ಪಕ್ಕದ ಚೌಕದ ಬಣ್ಣದೊಂದಿಗೆ ಬೆರೆತು ರಾಡಿಯಾಗುತ್ತದೆ, ಒಂದೇ ಪಿಕ್ಸೆಲ್ ದಪ್ಪದ ಅಂಚುಗೆರೆ ಮಾಯವಾಗುತ್ತದೆ. ವಾರಗಟ್ಟಲೆ ಕೂತು ಒಂದೊಂದು ಚೌಕ ಇಟ್ಟವರ ಶ್ರಮ ಹೀಗೆ ಮಸುಕಾಗುವುದನ್ನು ನೋಡಲು ನನಗೆ ನಿಜವಾಗಿಯೂ ಸಂಕಟವಾಯಿತು. ಅನೇಕರು ಮುಖಚಿತ್ರವನ್ನು ಬಣ್ಣ ಬಳಿದ ಚಿತ್ರದಂತೆ ಬೇರೆಯಾಗಿಯೇ ಬರೆಸುವುದು ಈ ಕಾರಣಕ್ಕೂ ಹೌದು. ಅದು ತಪ್ಪಲ್ಲ. ಆದರೆ ಚಿತ್ರದಲ್ಲಿರುವ ನಾಯಕ, ಆಯುಧ, ಬಣ್ಣ, ಹೊತ್ತು ಆಟದೊಳಗೂ ಅವೇ ಇರಬೇಕು. ಎಣ್ಣೆಬಣ್ಣದ ವೈಭವ ನೋಡಿ ಕೊಂಡವನಿಗೆ ಒಳಗೆ ಬೇರೆಯೇ ಲೋಕ ಸಿಕ್ಕರೆ ಅವನು ಹಣ ವಾಪಸ್ ಕೇಳುತ್ತಾನೆ. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್ ಅದನ್ನು ಕೊಡುತ್ತದೆ. ಯಂತ್ರಬುದ್ಧಿಯಿಂದ (ಎಐ) ಎರಡು ನಿಮಿಷದಲ್ಲಿ ತೆಗೆಸಿದ ಮುಖಚಿತ್ರಗಳೂ ಸ್ಪರ್ಧೆಗೆ ಬಂದಿದ್ದವು. ಹಾಗೆ ತೆಗೆಸಿದ್ದನ್ನು ಅಂಗಡಿಗೆ ತಿಳಿಸಬೇಕೆಂಬ ನಿಯಮವಿದೆ, ಸ್ಪರ್ಧೆಯಲ್ಲೂ ತಿಳಿಸುವಂತಾಗಲಿ ಎಂದಷ್ಟೇ ಹೇಳುತ್ತೇನೆ.

ಪ್ರಶಸ್ತಿಯ ಹೆಸರು, ಪತ್ರಿಕೆಗಳು ಕೊಟ್ಟ ಅಂಕ, ರಿಯಾಯಿತಿಯ ಮಾತು ಇವನ್ನು ಕ್ಯಾಪ್ಸೂಲಿನ ಮೇಲೆ ಬರೆಯುವಂತಿಲ್ಲ ಎಂದು 2022ರ ಸೆಪ್ಟೆಂಬರಿನಿಂದ ಸ್ಟೀಮ್ ಕಟ್ಟಳೆ ಮಾಡಿದೆ. ಬಹುಮಾನ ಪಡೆದ ಚಿತ್ರವೊಂದರ ಮೂಲೆಯಲ್ಲಿ ಕಾಲೇಜಿನ ಪದಕದ ಮುದ್ರೆ ಇತ್ತು. ಆ ವಿದ್ಯಾರ್ಥಿಗಳು ಅದನ್ನು ತೆಗೆದೇ ಅಂಗಡಿಗೆ ಕಳುಹಿಸಬೇಕಾಗುತ್ತದೆ.

ಚಿತ್ರ ಚೆನ್ನಾಗಿದೆಯೇ ಎಂದು ಕೇಳಿದರೆ ಮನೆಯವರೆಲ್ಲ ಹೌದೆನ್ನುತ್ತಾರೆ. ಅದರ ಬದಲು, ಆಟ ಗೊತ್ತಿಲ್ಲದವನಿಗೆ ಒಂದು ಸಲ ತೋರಿಸಿ ಮುಚ್ಚಿ, ಇದು ಎಂಥ ಆಟವಿರಬೇಕು ಎಂದು ಕೇಳಬೇಕು. ಹೊಡೆದಾಟದ ಆಟವಾದರೆ ಚಿತ್ರದಲ್ಲಿ ಏಟು ಬೀಳುವ ಕ್ಷಣ ಇರಬೇಕು. ನಾಯಕ ಸುಮ್ಮನೆ ನಿಂತು ನಮ್ಮನ್ನು ನೋಡಿದರೆ ಅದು ಕತೆಯ ಆಟವೋ ಒಕ್ಕಲುತನದ ಆಟವೋ ತಿಳಿಯುವುದಿಲ್ಲ. ಹುಡುಗರು ಆಕಾಶವನ್ನು ಕಡುನೀಲಿ ಮಾಡಿದರು, ಹದಿಮೂರು ವೈರಿಗಳನ್ನು ತೆಗೆದರು, ನಾಯಕನನ್ನು ಸೊಂಟದಿಂದ ಮೇಲಕ್ಕೆ ಮಾತ್ರ ಇಟ್ಟು ಕತ್ತಿಯನ್ನು ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ ಎಳೆದರು. ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ನೋಡಿದಾಗಲೂ ಮುಂಡಾಸು, ಮುಖ, ಕತ್ತಿ ಮೂರೂ ಬಿಡಿಬಿಡಿಯಾಗಿ ಕಂಡವು. ಪಕ್ಕದ ಹೋಟೆಲಿನಲ್ಲಿ ಚಹಾ ಕೊಡುವ ಹುಡುಗ ಮೊಬೈಲಿನಲ್ಲಿ ನೋಡಿದವನೇ “ಕತ್ತಿ ಆಟ ಏನ್ರಿ ಇದು?” ಎಂದು ಕೇಳಿದ.

ಈ ಊರಿಗೆ ಇದು ಹೊಸ ವಿದ್ಯೆಯಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳನ್ನು ಬರೆದು ಹೆಸರಾದವರು. ರಸ್ತೆಯಲ್ಲಿ ನಡೆದುಹೋಗುವವನು ಕಾಲು ನಿಲ್ಲಿಸಿ ನೋಡುವಂತೆ ಬರೆಯುವುದೇ ಪೋಸ್ಟರಿನ ಕಸುಬು. ಅವರ ಹೆಸರಿನ ರಂಗಮಂದಿರಕ್ಕೆ ಹೋಗಿಬರುವ ನಮ್ಮ ಚಿತ್ರಕಲಾ ವಿದ್ಯಾರ್ಥಿಗಳಿಗೆ ಆ ಕಸುಬನ್ನು ಮೂರು ಸೆಂಟಿಮೀಟರಿನೊಳಗೆ ಮಾಡುವುದನ್ನೂ ಕಲಿಸಬೇಕು.

ಮುಂದಿನ ವರ್ಷದ ಸ್ಪರ್ಧೆಯಲ್ಲಿ ಪ್ರತಿ ಚಿತ್ರವನ್ನೂ ಮೊದಲು 120 × 45ರ ಅಳತೆಯಲ್ಲಿ, ಇತರ ಹತ್ತು ಆಟಗಳ ಸಾಲಿನಲ್ಲಿಟ್ಟು ತೋರಿಸಿ, ಆಮೇಲೆ ದೊಡ್ಡ ಪರದೆಗೆ ಏರಿಸಬೇಕೆಂದು ಸಂಘಟಕರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ತಾವೂ ಗೆದ್ದ ಚಿತ್ರವನ್ನು ಅಚ್ಚು ಹಾಕುವಾಗ ದೊಡ್ಡದರ ಪಕ್ಕದಲ್ಲಿ ಆ ಚಿಕ್ಕದನ್ನೂ ಹಾಕಬೇಕು. ಅದಕ್ಕೆ ಒಂದು ಕಾಲಮ್ಮಿನ ಅಗಲವೂ ಬೇಕಾಗುವುದಿಲ್ಲ.

ಇಂತಿ ತಮ್ಮ ಓದುಗ,
ಒಬ್ಬ ಬೋರ್ಡು ಕಲಾವಿದ,
ಬ್ರಹ್ಮಪುರ, ಕಲಬುರಗಿ