ಪುಟ್ಟಿಗೆ, ಇಂಕಿಂಗ್ ಕೆಲಸದ ಬಗ್ಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಮಿಕ್ಸ್ ಕಂಪನಿಯವರು ನಿನ್ನನ್ನು ಇಂಕಿಂಗ್‌ಗೆ, ಅಂದರೆ ಪೆನ್ಸಿಲ್ ಚಿತ್ರಕ್ಕೆ ಶಾಯಿ ಹಾಕುವ ಕೆಲಸಕ್ಕೆ, ಕರೆದಿದ್ದಾರೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಆದರೆ ನಿನಗೆ ಮನಸ್ಸಿಲ್ಲವಂತೆ. ಬೇರೆಯವರು ಪೆನ್ಸಿಲ್‌ನಲ್ಲಿ ಬರೆದಿದ್ದರ ಮೇಲೆ ಗೆರೆ ತೀಡುವುದೂ ಒಂದು ಕೆಲಸವೇ ಎಂದು ಕೇಳಿದೆಯಂತೆ. ಡ್ರಾಯಿಂಗ್ ಮೇಷ್ಟರಾಗಿ ಬದುಕಿದ ನನಗೆ ಈ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ಕೀರ್ತನೆ ಕಟ್ಟಿದವರು ಒಬ್ಬರು, ಹಾಡುವವರು ಇನ್ನೊಬ್ಬರು. ಹಾಡುವವರನ್ನು ನಕಲುಗಾರರೆಂದು ಯಾರಾದರೂ ಅಂದಾರೆಯೇ?

ಅಮೆರಿಕದ ಕಾಮಿಕ್ಸ್‌ಗಳಿಗೆ ಶಾಯಿ ಹಾಕುತ್ತಿದ್ದ ಜೋ ಸಿನ್ನಾಟ್ ಅವರ ಬದುಕನ್ನು ಒಮ್ಮೆ ಓದಿಕೊ. 1926ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್ ಎಂಬ ಊರಿನಲ್ಲಿ ಹುಟ್ಟಿದವರು. ಮಹಾಯುದ್ಧದಲ್ಲಿ ನೌಕಾಪಡೆ ಸೇರಿ ಒಕಿನಾವಾದಲ್ಲಿ ಮದ್ದುಗುಂಡಿನ ಲಾರಿ ಓಡಿಸಿದರು. ಮರಳಿದ ಮೇಲೆ ಸಿಮೆಂಟ್ ಕಾರ್ಖಾನೆಯ ಕಲ್ಲುಕ್ವಾರಿಯಲ್ಲಿ ದುಡಿದರು. ಮಾಜಿ ಸೈನಿಕರಿಗಿದ್ದ ಸರ್ಕಾರದ ಸವಲತ್ತಿನಿಂದ 1949ರಲ್ಲಿ ಚಿತ್ರಕಲಾ ಶಾಲೆ ಸೇರಿದರು. 1957ರ ಹೊತ್ತಿಗೆ ಕೆಲಸ ಕೊಡುತ್ತಿದ್ದ ಪ್ರಕಾಶನವೇ ಮುಗ್ಗರಿಸಿತು. ಆಗ ಜಾಹೀರಾತು ಫಲಕಕ್ಕೂ ಗ್ರಾಮಫೋನ್ ತಟ್ಟೆಯ ಹೊದಿಕೆಗೂ ಚಿತ್ರ ಬರೆದು ಸಂಸಾರ ನಡೆಸಿದರು.

ಅವರು ಹೆಸರಾದದ್ದು ಮಾರ್ವೆಲ್ ಪ್ರಕಾಶನದ 'ಫೆಂಟಾಸ್ಟಿಕ್ ಫೋರ್' ಎಂಬ ಕಾಮಿಕ್ಸ್‌ನಿಂದ. 1962ರಲ್ಲಿ ಅದರ ಐದನೆಯ ಸಂಚಿಕೆಗೆ ಶಾಯಿ ಹಾಕಿದ್ದರು. 1965ರಲ್ಲಿ 44ನೆಯ ಸಂಚಿಕೆಯಿಂದ ಅದು ಅವರ ಕಾಯಂ ಕೆಲಸವಾಯಿತು. ಅದರ ಚಿತ್ರ ಬರೆಯುತ್ತಿದ್ದ ಜ್ಯಾಕ್ ಕರ್ಬಿಯವರ ಪೆನ್ಸಿಲ್ ಹಾಳೆಗಳು ಅಂಚೆಯಲ್ಲಿ ಊರಿಗೆ ಬರುತ್ತಿದ್ದವು, ಮುಗಿಸಿ ಅಂಚೆಯಲ್ಲೇ ಕಳಿಸುತ್ತಿದ್ದರು. ನ್ಯೂಯಾರ್ಕ್ ನಗರಕ್ಕೆ ಗಂಟುಮೂಟೆ ಕಟ್ಟಲಿಲ್ಲ. ಊರು ಬಿಟ್ಟರೇ ಬದುಕು ಅನ್ನುವ ನಿನ್ನ ಗೆಳತಿಯರಿಗೂ ಇದನ್ನು ಹೇಳು.

ಸಾಧ್ಯವಾದರೆ 1966ರ ಸಂಚಿಕೆಗಳನ್ನು ಎದುರಿಗಿಟ್ಟುಕೊಂಡು ನೋಡು. ಅದರಲ್ಲಿ ಬರುವ ಸಿಲ್ವರ್ ಸರ್ಫರ್ ಎಂಬ ಪಾತ್ರದ ಮೈ ಬರೀ ಬೆಳ್ಳಿ. ಅಲ್ಲಿ ಬಣ್ಣವೇನೂ ನೆರವಿಗೆ ಬರುವುದಿಲ್ಲ. ತೋಳಿನ, ತೊಡೆಯ ಮೇಲೆ ಕೆಲವೇ ಕಪ್ಪು ಪಟ್ಟೆಗಳು ಬಿದ್ದು ಮೈಯೆಲ್ಲ ಹೊಳೆಯುತ್ತದೆ. ಥಿಂಗ್ ಎಂಬ ಇನ್ನೊಂದು ಪಾತ್ರದ ಕಲ್ಲಿನ ಮೈಯನ್ನೂ ನೋಡು. ಒಂದೊಂದು ಕಲ್ಲಿನ ಬಿಲ್ಲೆಗೂ ಬೆಳಕು ಬೀಳುವ ಕಡೆ ಗೆರೆ ಸಣ್ಣ, ನೆರಳಿನ ಕಡೆ ದಪ್ಪ. ಪೆನ್ಸಿಲ್ಲಿಗೆ ತಿಳಿ, ಗಾಢ, ಮಸುಕು ಎಂದು ನೂರು ಛಾಯೆ ಇರುತ್ತದೆ. ಶಾಯಿಗೆ ಇರುವುದು ಒಂದೇ ಕಪ್ಪು. ಆ ಮಸುಕನ್ನು ದಪ್ಪ ಗೆರೆ ಮಾಡಬೇಕೋ, ಒತ್ತಾದ ಸಣ್ಣ ಗೆರೆಗಳಾಗಿ ಒಡೆಯಬೇಕೋ, ಹಾಗೇ ಬಿಳಿ ಬಿಡಬೇಕೋ, ಇದನ್ನು ಪ್ರತಿ ಅಂಗುಲದಲ್ಲೂ ನೀನೇ ತೀರ್ಮಾನಿಸಬೇಕು. ಚಿತ್ರ ಬರೆಯಲು ಬಾರದವರು ತೀರ್ಮಾನಿಸಲಾರರು.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. 1970ರಲ್ಲಿ ಕರ್ಬಿ ಮಾರ್ವೆಲ್ ಬಿಟ್ಟರು. ಆಮೇಲೆ ಜಾನ್ ಬುಸೇಮಾ, ರಿಚ್ ಬಕ್ಲರ್, ಜಾರ್ಜ್ ಪೆರೆಜ್ ಎಂದು ಪೆನ್ಸಿಲ್ ಹಿಡಿದವರು ಬದಲಾಗುತ್ತಾ ಹೋದರು. ಸಿನ್ನಾಟ್ ನಡುನಡುವೆ ಬಿಟ್ಟರೂ 1981ರವರೆಗೆ ಉಳಿದರು. ಓದುವ ಮಕ್ಕಳಿಗೆ ತಮ್ಮ ನಾಯಕರ ಮುಖ ಗುರುತು ತಪ್ಪದಂತೆ ಕಾಪಾಡಿದ್ದು ಆ ಕೈ. ನೀನು 'ಮೇಲೆ ತೀಡುವುದು' ಅಂದದ್ದು ಇದನ್ನೇ, ಪುಟ್ಟಿ.

ಗಡುವು ಹತ್ತಿರ ಬಂದಾಗ ಹಿನ್ನೆಲೆಯ ಜನರನ್ನೂ ಕಿಟಕಿಗಳನ್ನೂ ಅಳಿಸಿಹಾಕಿ ಹಾಳೆ ಒಪ್ಪಿಸಿದವರೂ ಈ ಕಸುಬಿನಲ್ಲಿದ್ದರು. ನೀನು ಹಾಗೆ ಮಾಡಬೇಡ. ಒಪ್ಪಿಕೊಳ್ಳುವಾಗಲೇ ನಿನ್ನ ಕೈಗೆ ಆಗುವಷ್ಟು ಪುಟ ಒಪ್ಪಿಕೊ. ಕಂಪ್ಯೂಟರಿನಲ್ಲಿ ಇಂಕಿಂಗ್ ಈಗ ಕಲಿಯಲೇಬೇಕು, ಕಲಿ. ಆದರೆ ನಿಬ್ಬು, ಕುಂಚ, ಇಂಡಿಯನ್ ಇಂಕ್ ಹಿಡಿದು ದಿನವೂ ಸ್ವಲ್ಪ ಹೊತ್ತು ಗೆರೆ ಎಳೆ. ಉದ್ದನೆಯ ಗೆರೆಯನ್ನು ಮಣಿಕಟ್ಟಿನಿಂದ ಎಳೆಯಬೇಡ, ಭುಜದಿಂದ ಎಳೆ. ಶಾಯಿ ಪೂರ್ತಿ ಒಣಗುವವರೆಗೆ ರಬ್ಬರ್ ಮುಟ್ಟಬೇಡ. ಸಿನ್ನಾಟ್ 1992ರಲ್ಲಿ ಮಾಸಪತ್ರಿಕೆಗಳ ಕೆಲಸ ಬಿಟ್ಟರೂ ದಿನಪತ್ರಿಕೆಗಳಲ್ಲಿ ಭಾನುವಾರ ಬರುತ್ತಿದ್ದ ಸ್ಪೈಡರ್‌ಮ್ಯಾನ್ ಚಿತ್ರಕಥೆಗೆ 2019ರವರೆಗೆ, 92ರ ವಯಸ್ಸಿನವರೆಗೂ, ಶಾಯಿ ಹಾಕಿದರು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಬೆರಳು, ಬೆನ್ನು, ಕಣ್ಣು ಈಗಿನಿಂದಲೇ ಜೋಪಾನ.

ಇನ್ನು ದುಡ್ಡಿನ ವಿಷಯ. ಅಮೆರಿಕದಲ್ಲೂ ಬಹಳ ಕಾಲ ಪುಟಕ್ಕಿಷ್ಟು ಎಂದು ಕೊಟ್ಟರೆ ಮುಗಿಯಿತು, ಮೂಲ ಹಾಳೆ ಪ್ರಕಾಶಕರದ್ದೇ. ಮಾರ್ವೆಲ್ ಅದನ್ನು ಕಲಾವಿದರಿಗೆ ಮರಳಿಸತೊಡಗಿದ್ದು 1970ರ ದಶಕದಲ್ಲಿ. ಶಾಯಿ ಹಾಕಿದವರ ಹೆಸರು ಪುಟದಲ್ಲಿ ತಪ್ಪದೆ ಅಚ್ಚಾಗತೊಡಗಿದ್ದೂ 60ರ ದಶಕದಲ್ಲಷ್ಟೇ. ಆದ್ದರಿಂದ ನಿನ್ನ ಹೆಸರು ಎಲ್ಲಿ ಬರುತ್ತದೆ, ಮೂಲ ಹಾಳೆ ಯಾರದು, ಮರುಮುದ್ರಣವಾದರೆ ನಿನಗೇನು, ತಿದ್ದುಪಡಿ ಎಷ್ಟು ಸಲ ಕೇಳಬಹುದು, ಇಷ್ಟನ್ನೂ ಸಂಕೋಚಪಡದೆ ಕೇಳು. ಬಾಯಿಮಾತಿನ ಭರವಸೆ ಬೇಡ, ಬರೆಸಿಕೊ.

ಒಪ್ಪಂದದ ಪ್ರತಿ ಕೈಗೆ ಬಂದ ತಕ್ಷಣ ನನಗೂ ಒಂದು ಕಳಿಸು. ನಾನು ಓದಿ ಹೇಳುವವರೆಗೆ ಸಹಿ ಹಾಕಬೇಡ. ದೊಡ್ಡಮ್ಮ ನಿನ್ನನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ಇತಿ,
ನಿನ್ನ ದೊಡ್ಡಪ್ಪ