ಮಾಯದ ಕಲೆಗೆ ಬಯಾಪ್ಸಿ ಆಗಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಾನೊಬ್ಬ ಪೆಥಾಲಜಿಸ್ಟ್. ರೋಗಿ ನನ್ನೆದುರು ಕೂರುವುದಿಲ್ಲ. ಅವರ ಚರ್ಮದ ಚೂರು ಬರುತ್ತದೆ, ಜೊತೆಗೊಂದು ವಿವರದ ಹಾಳೆ. ಅಂಥ ಹಾಳೆಗಳಲ್ಲಿ ಪದೇ ಪದೇ ಒಂದೇ ಕತೆ ಓದಿ ಬೇಸತ್ತು ಈ ಪತ್ರ ಬರೆಯುತ್ತಿದ್ದೇನೆ.

ಹಾಳೆ ಹೀಗಿರುತ್ತದೆ: ಪುರುಷ, ವಯಸ್ಸು ಎಪ್ಪತ್ತರ ಮೇಲೆ, ನೆತ್ತಿಯಲ್ಲಿ ನೇರಳೆ ಬಣ್ಣದ ಕಲೆ, ನೋವಿಲ್ಲ. ಕೆಳಗೆ ಈವರೆಗಿನ ಚಿಕಿತ್ಸೆ: ಒಂದು ಆಂಟಿಬಯಾಟಿಕ್, ಸ್ಟೀರಾಯ್ಡ್ ಮುಲಾಮು, ಮತ್ತೊಂದು ಆಂಟಿಬಯಾಟಿಕ್. ಎಷ್ಟು ತಿಂಗಳು ಕೈಬಿಟ್ಟು ಹೋಗಿವೆ ಎಂಬುದನ್ನು ಆ ಪಟ್ಟಿಯ ಉದ್ದವೇ ಹೇಳುತ್ತದೆ. ಸ್ಲೈಡ್ ನೋಡಿದರೆ ಆಂಜಿಯೋಸಾರ್ಕೋಮಾ. ರಕ್ತನಾಳ ಅಥವಾ ದುಗ್ಧರಸನಾಳದ (ಲಿಂಫ್ ನಾಳದ) ಒಳಪದರದ ಜೀವಕೋಶಗಳೇ ಕೆಟ್ಟು ಬೆಳೆಯುವ ಕ್ಯಾನ್ಸರ್.

ಇದು ಅಪರೂಪದ ಕಾಯಿಲೆ, ನಿಜ. ಸ್ನಾಯು, ಕೊಬ್ಬು, ನಾಳಗಳಂಥ ಮೃದು ಅಂಗಾಂಶದಲ್ಲಿ ಹುಟ್ಟುವ ಕ್ಯಾನ್ಸರ್‌ಗಳು, ಅಂದರೆ ಸಾರ್ಕೋಮಾಗಳೇ ವಿರಳ; ಅವುಗಳಲ್ಲಿ ಇದರ ಪಾಲು ಶೇ 1ರಿಂದ 2 ಮಾತ್ರ. ಊರಿಗೊಬ್ಬ ಕುಟುಂಬ ವೈದ್ಯರಿದ್ದಾರೆಂದರೆ, ಅವರು ವೃತ್ತಿಜೀವನವಿಡೀ ಇದನ್ನು ಒಮ್ಮೆಯೂ ಕಾಣದಿರಬಹುದು. ಹಾಗಾಗಿ ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಪೆಟ್ಟು ಬಿದ್ದ ಗುರುತಿನಂತೆ, ಮುಖ ಕೆಂಪಗಾಗಿಸುವ ರೊಸೇಷಿಯಾ ಎಂಬ ಚರ್ಮದ ತೊಂದರೆಯಂತೆ, ಚರ್ಮದ ಸೋಂಕಿನಂತೆ ಕಾಣುವ ಕಾಯಿಲೆಯನ್ನು ಮೊದಲ ನೋಟಕ್ಕೇ ಹಿಡಿಯಬೇಕೆಂದು ಯಾರೂ ಕೇಳಲಾಗದು. ಎರಡನೇ ಭೇಟಿಯಲ್ಲಾದರೂ ಅನುಮಾನ ಬರಬೇಕು ಎಂಬುದಷ್ಟೇ ನನ್ನ ಮಾತು. ಸಾಮಾನ್ಯ ಪೆಟ್ಟಿನ ಗುರುತು ಎರಡು ಮೂರು ವಾರದಲ್ಲಿ ಹಸಿರಿಗೆ, ಹಳದಿಗೆ ತಿರುಗಿ ಮಾಯುತ್ತದೆ. ಇದು ಮಾಯುವುದಿಲ್ಲ, ಅಗಲವಾಗುತ್ತದೆ. ಆಮೇಲೆ ಗಂಟಾಗುತ್ತದೆ, ರಕ್ತ ಒಸರುತ್ತದೆ.

ಆದ್ದರಿಂದ ನನ್ನ ಕೋರಿಕೆ ಒಂದು ಸುತ್ತೋಲೆ. ವಯಸ್ಸಾದವರ ತಲೆ, ಮುಖದ ಮೇಲೆ ಪೆಟ್ಟಿನ ನೆನಪೇ ಇಲ್ಲದೆ ಮೂಡಿದ ನೀಲಿ ಅಥವಾ ನೇರಳೆ ಕಲೆ ನಾಲ್ಕು ವಾರವಾದರೂ ಹೋಗದಿದ್ದರೆ, ಮುಲಾಮು ಬದಲಿಸುವ ಬದಲು ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ. ಅದೂ ಮೇಲ್ಪದರವನ್ನು ಕೆರೆದು ತೆಗೆದದ್ದಲ್ಲ. ಆಳದವರೆಗೆ, ಒಂದಕ್ಕಿಂತ ಹೆಚ್ಚು ಜಾಗದಿಂದ. ಈ ಗೆಡ್ಡೆ ಚರ್ಮದ ಕಾಲಜನ್ ಎಳೆಗಳ ಸಂದುಗಳಲ್ಲಿ ನುಸುಳಿಕೊಂಡು ಕಣ್ಣಿಗೆ ಕಾಣುವ ಅಂಚಿನಾಚೆಗೂ ಹಬ್ಬಿರುತ್ತದೆ. ಶಸ್ತ್ರಚಿಕಿತ್ಸಕರು ‘ಪೂರ್ತಿ ತೆಗೆದೆ’ ಎಂದುಕೊಂಡಲ್ಲಿ ಅಂಚಿನಲ್ಲಿ ಇನ್ನೂ ಕೆಟ್ಟ ಕೋಶಗಳಿರುವುದನ್ನು ವರದಿಯಲ್ಲಿ ಬರೆಯುವ ಕೆಲಸ ನನ್ನಂಥವರದು. ಕಲೆ 5 ಸೆಂಟಿಮೀಟರ್‌ ದಾಟುವ ಮೊದಲು ಸಿಕ್ಕವರ ಗತಿಗೂ ದಾಟಿದ ಮೇಲೆ ಸಿಕ್ಕವರ ಗತಿಗೂ ಬಹಳ ವ್ಯತ್ಯಾಸವಿದೆ. ಒಟ್ಟಾರೆ ನೋಡಿದರೆ ಐದು ವರ್ಷ ಬದುಕುವವರು ಅರ್ಧಕ್ಕಿಂತ ಕಡಿಮೆ.

ಸಣ್ಣ ಪ್ರಯೋಗಾಲಯಗಳಲ್ಲಿ ನಾಳದ ಒಳಪದರದ ಕೋಶಗಳನ್ನು ಗುರುತಿಸುವ ಸಿಡಿ31, ಇಆರ್‌ಜಿಯಂಥ ಬಣ್ಣ ಪರೀಕ್ಷೆಗಳು ಇರುವುದಿಲ್ಲ. ಅನುಮಾನದ ಸ್ಲೈಡನ್ನು ಸಾರ್ಕೋಮಾ ಬಲ್ಲ ಕೇಂದ್ರಕ್ಕೆ ಕಳಿಸುವ ದಾರಿ ಸುಗಮವಾಗಬೇಕು, ಅದರ ಖರ್ಚು ರೋಗಿಯ ತಲೆಗೆ ಬರಬಾರದು.

ಇನ್ನೊಂದು ಗುಂಪಿನವರನ್ನು ಮರೆಯುವಂತಿಲ್ಲ: ಸ್ತನ ಕ್ಯಾನ್ಸರ್‌ನಿಂದ ಗೆದ್ದು ಬಂದ ಮಹಿಳೆಯರು. ಸ್ತನ ತೆಗೆದ ನಂತರ ವರ್ಷಗಟ್ಟಲೆ ಊದಿಕೊಂಡೇ ಇದ್ದ ತೋಳಿನಲ್ಲಿ ಈ ಗೆಡ್ಡೆ ಹುಟ್ಟಿದ ಆರು ಪ್ರಕರಣಗಳನ್ನು ಸ್ಟೀವರ್ಟ್ ಮತ್ತು ಟ್ರೀವ್ಸ್ ಎಂಬ ವೈದ್ಯರು 1948ರಲ್ಲೇ ವರದಿ ಮಾಡಿದರು. ಈಗ ಹೆಚ್ಚಾಗಿ ಕಾಣುವುದು ರೇಡಿಯೇಷನ್ ಪಡೆದ ಚರ್ಮದಲ್ಲಿ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷದ ನಂತರ. ಅಂದರೆ ತಪಾಸಣೆಯ ಭೇಟಿಗಳೆಲ್ಲ ಮುಗಿದು, ಫೈಲು ಕಪಾಟು ಸೇರಿದ ಮೇಲೆ! ಇದನ್ನೋದಿ ಯಾರೂ ರೇಡಿಯೇಷನ್ ಬೇಡವೆನ್ನಬಾರದು. ಅದರಿಂದಾಗುವ ಉಪಕಾರದ ಮುಂದೆ ಈ ಅಪಾಯ ತೀರಾ ಚಿಕ್ಕದು. ಆದರೆ ಚಿಕಿತ್ಸೆ ಮುಗಿಸಿ ಮನೆಗೆ ಹೊರಟವರ ಕೈಗೆ ಕೊಡುವ ಕಾಗದದಲ್ಲಿ ‘ಈ ಭಾಗದಲ್ಲಿ ಹೊಸ ಕೆಂಪು ಅಥವಾ ನೀಲಿ ಕಲೆ ಕಂಡರೆ, ಎಷ್ಟೇ ವರ್ಷ ಕಳೆದಿದ್ದರೂ ಬನ್ನಿ’ ಎಂಬ ಒಂದು ಸಾಲು ಇರಲಿ. ಇದಕ್ಕೆ ಶಾಯಿಯ ಹೊರತು ಬೇರೆ ಖರ್ಚಿಲ್ಲ.

ಕೊನೆಯದು ಲೆಕ್ಕದ ವಿಷಯ. ಅಮೆರಿಕದಲ್ಲಿ 2017ರಲ್ಲಿ, ಸ್ವತಃ ಈ ಕಾಯಿಲೆ ಅನುಭವಿಸಿದ್ದ ವಿಜ್ಞಾನಿ ಕೋರಿ ಪೇಂಟರ್ ಮತ್ತು ಸಂಗಡಿಗರು ರೋಗಿಗಳನ್ನೇ ನೇರವಾಗಿ ಕರೆದು, ಜೊಲ್ಲಿನ ಮಾದರಿ, ಗೆಡ್ಡೆಯ ಚೂರು, ದಾಖಲೆಗಳನ್ನು ಕೂಡಿಹಾಕಿದರು. 2020ರಲ್ಲಿ ಬಂದ ಫಲಿತಾಂಶ: ತಲೆ ಮತ್ತು ಮುಖದ ಗೆಡ್ಡೆಗಳಲ್ಲಿ ಬಿಸಿಲಿನ ನೇರಳಾತೀತ ಕಿರಣ ಮಾಡಿದ ಹಾನಿಯ ಗುರುತು, ಜೊತೆಗೆ ವಂಶವಾಹಿಗಳಲ್ಲಿ ಲೆಕ್ಕವಿಲ್ಲದಷ್ಟು ರೂಪಾಂತರಗಳು. ಇಂಥ ಗೆಡ್ಡೆಗೆ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ) ನಾಟಬಹುದೆಂಬ ಆಸೆ ಹುಟ್ಟಿದ್ದು ಅಲ್ಲಿಂದ. ಚೆದುರಿದ ಹತ್ತಾರು ರೋಗಿಗಳನ್ನು ಒಂದೆಡೆ ಎಣಿಸಿದ್ದರಿಂದ ಸಿಕ್ಕ ತಿಳಿವಳಿಕೆ ಅದು. ನಮ್ಮ ಕ್ಯಾನ್ಸರ್ ನೋಂದಣಿಗಳು ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಅಲ್ಲದ ಚರ್ಮದ ಕ್ಯಾನ್ಸರ್‌ಗಳನ್ನು ಒಂದೇ ಗುಂಪಾಗಿ ಎಣಿಸುವಾಗ, ಚರ್ಮದ ಆಂಜಿಯೋಸಾರ್ಕೋಮಾ ಕೂಡ ಅದೇ ಗಂಟಿನಲ್ಲಿ ಕಳೆದುಹೋಗುವ ಅಪಾಯವಿದೆ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದಕ್ಕೆ 9120/3 ಎಂಬ ಸಂಕೇತ ಈಗಾಗಲೇ ಇದೆ. ವಾರ್ಷಿಕ ವರದಿಯಲ್ಲಿ ಆ ಸಂಕೇತಕ್ಕೆ ಪ್ರತ್ಯೇಕ ಸಾಲು ಕೊಡಲು ತಾವು ಆದೇಶಿಸಬೇಕು. ಸುತ್ತೋಲೆಯ ಕರಡು ತಯಾರಾದರೆ ಅದರ ವೈದ್ಯಕೀಯ ಭಾಗವನ್ನು ತಿದ್ದಿಕೊಡಲು ನಾನು ಸಿದ್ಧ.

ಇಂತಿ,
ಒಬ್ಬ ಪೆಥಾಲಜಿಸ್ಟ್